ಬೂದಿ ಮೇಡಂ ಎಳೆದ ಮನೆ

ಹೋದ ವಾರ ಲೈನಿಂಗ್ ಬಟ್ಟೆ ತರಲು ತೀರ್ಥಹಳ್ಳಿಗೆ ಹೋಗಿದ್ದೆ. ಹೊಸನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮದುವೆ ಸೀಸನ್ನಿನಲ್ಲಿ ಬ್ಲೌಸಿನ ರಾಶಿ ನಡುವೆ ನನ್ನ ತಲೆ ಮಾತ್ರ ಕಾಣುತ್ತದೆ ಎಂದು ನಮ್ಮನೆಯವರು ಹಂಗಿಸುತ್ತಾರೆ. ಬಸ್ಸಿಳಿದು ಅಭ್ಯಾಸದಂತೆ ಕತ್ತೆತ್ತಿ ನೋಡಿದರೆ ಎದುರಿನ ಮಹಡಿಯ ಮೇಲೆ ಮೇಡಂ ಆಫೀಸಿನ ಬೋರ್ಡೇ ಇಲ್ಲ! ಕೆಳಗಿನ ಪಾತ್ರೆ ಅಂಗಡಿಯವರನ್ನು ಕೇಳಿದೆ. "ಮೇಡಂ ಆಫೀಸು ಮುಚ್ಚಿದ್ರಲ್ಲ, ಗೊತ್ತಿಲ್ವಾ? ಸಾಗರದಲ್ಲಿ ತಮ್ಮನ ಮಗಳ ಮನೆಗೆ ಹೋದ್ರು. ಇನ್ನು ಯಾರಿಗೂ ಮನೆ ಪ್ಲಾನು ಬರೆದು ಕೊಡೋದಿಲ್ವಂತೆ" ಎಂದರು. ಲೈನಿಂಗ್ ಬಟ್ಟೆ ಮರೆತೇ ಹೋಯಿತು. ಬಸ್ಸಿನಲ್ಲಿ ಕೂತು ಹೊಸನಗರ ಮುಟ್ಟುವವರೆಗೂ ಅವರದ್ದೇ ಯೋಚನೆ. ಒಬ್ಬಳೇ ನಗುತ್ತಿದ್ದೆ ಅಂತ ಕಾಣುತ್ತದೆ, ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕೂತಳು.

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಸಾಗರದಿಂದಲೇ ಬೈಯುತ್ತಾರೆ. "ಮನೆ ನಿಮ್ಮದು, ಹೆಸರು ನಂದು ಎಂತಕ್ಕೆ?" ಎಂದು ಗೃಹಪ್ರವೇಶದ ಪತ್ರಿಕೆಯಲ್ಲೂ ಹಾಕಲು ಬಿಡದ ಜನ ಅವರು. ಬೆನ್ನ ಹಿಂದೆ ನಾವೆಲ್ಲ ಕರೆಯುತ್ತಿದ್ದುದು ಬೂದಿ ಮೇಡಂ ಅಂತ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ನನಗೇ ಫೋನ್ ಮಾಡಿ, "ನಾನು, ನಿಮ್ಮ ಬೂದಿ" ಅಂದುಬಿಟ್ಟರು. ನಾಚಿಕೆಯಿಂದ ನಾನು ಸೂಜಿ ಚುಚ್ಚಿಕೊಂಡೆ.

ಈ ಬೂದಿ ವಿಷಯ ಹೇಳದಿದ್ದರೆ ಅವರು ಯಾರು ಅಂತಲೇ ತಿಳಿಯುವುದಿಲ್ಲ. ಅವರು ಓದಿದ ಇಂಜಿನಿಯರು, ಕಂಪ್ಯೂಟರಿನಲ್ಲಿ ಚೆಂದವಾಗಿ ಪ್ಲಾನು ತೆಗೆಯುತ್ತಿದ್ದರು. ಆದರೆ ಪ್ಲಾನು ಮುಗಿದ ಕೂಡಲೇ ಪಾಯ ತೋಡಲು ಬಿಡುತ್ತಿರಲಿಲ್ಲ. ಕಟ್ಟುವ ಜಾಗದಲ್ಲೇ, ಕಟ್ಟುವಷ್ಟೇ ಅಳತೆಗೆ, ಬಚ್ಚಲೊಲೆಯ ಬೂದಿಯಲ್ಲಿ ಇಡೀ ಮನೆಯನ್ನು ನೆಲದ ಮೇಲೆ ಎಳೆಸುತ್ತಿದ್ದರು. ಗೋಡೆ ಬರುವಲ್ಲಿ ಗೆರೆ, ಬಾಗಿಲು ಬರುವಲ್ಲಿ ಖಾಲಿ. ಆಮೇಲೆ ಮನೆಮಂದಿಯೆಲ್ಲ ಬೆಳಗಿಂದ ಸಂಜೆಯವರೆಗೆ ಆ ಗೆರೆಗಳ ಒಳಗೇ ಸಂಸಾರ ಮಾಡಬೇಕು! ಅಲ್ಲೇ ಅಡುಗೆ, ಅಲ್ಲೇ ಊಟ, ಊಟವಾದ ಮೇಲೆ ಚಾಪೆ ಹಾಕಿ ಮಲಗುವುದೂ ಅಲ್ಲೇ. ನೆಂಟರು ಬಂದರೆ ಬಾಗಿಲಿಂದಲೇ ಕರೆತರಬೇಕು. ಯಾರಾದರೂ ಮರೆತು ಗೆರೆ ದಾಟಿದರೆ ಮುಗಿಯಿತು: "ಗೋಡೆ ಹಾದು ಬಂದ್ರಲ್ಲ ಸ್ವಾಮೀ, ನೀವೇನು ದೆವ್ವವಾ?"

"ಸುಣ್ಣದ ಪುಡಿ ಹಾಕಬಹುದಿತ್ತಲ್ಲ ಮೇಡಂ?" ಎಂದು ಒಮ್ಮೆ ಕೇಳಿದ್ದೆ.

"ಸುಣ್ಣ ಹಾಕಿದ್ರೆ ಜನ ಹೆದರ್ತಾರೆ ಮಾರಾಯ್ತಿ. ಬೂದಿ ಆದ್ರೆ ಕಾಲಲ್ಲಿ ಒರೆಸಿ, ಗೋಡೆ ಇತ್ಲಾಗೆ ತನ್ನಿ ಅಂತಾರೆ. ಹಂಗೆ ಹೇಳಿಸೋದೇ ನನ್ನ ಕೆಲಸ."

ನೋಡಲು ಹೇಗಿದ್ದರು ಎಂದರೆ, ಎತ್ತರದ ಆಳು. ಕಾಟನ್ ಸೀರೆಯ ನೆರಿಗೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಗಂಡಸರ ಸ್ಯಾಂಡಲ್ ಹಾಕಿ ದಾಪುಗಾಲಿನಲ್ಲಿ ಬರುತ್ತಿದ್ದರು. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್. ಅದು ತುರುಬಿನಲ್ಲಿದೆ ಎನ್ನುವುದು ಅವರೊಬ್ಬರಿಗೆ ನೆನಪಿರುತ್ತಿರಲಿಲ್ಲ. ಚೀಲವನ್ನೆಲ್ಲ ಕೊಡವಿ, ಮೇಸ್ತ್ರಿಯ ಮೇಲೆ ರೇಗಿ, ಕೊನೆಗೆ ನಾನೇ ಹೋಗಿ ತುರುಬಿನಿಂದ ಎಳೆದು ಕೊಡಬೇಕಿತ್ತು. ಸಾಗರದ ಕಡೆ ಅಡಿಕೆ ತೋಟದ ದೊಡ್ಡ ಮನೆತನ ಅವರದ್ದು. ನಮ್ಮ ಹತ್ತಿರ ನಮ್ಮಂತೆಯೇ ಮಾತಾಡುತ್ತಿದ್ದರು. ಸಂಭ್ರಮ ಬಂದಾಗ ಮಾತ್ರ, ಇಲ್ಲ ಎನ್ನುವ ಕಡೆ "ಇಲ್ಲೆ, ಇಲ್ಲೆ!" ಎಂದು ಅವರ ಮನೆಮಾತು ಹೊರಗೆ ಬರುತ್ತಿತ್ತು. ಆಗ ಏನೋ ಒಳ್ಳೆಯದು ಹೊಳೆದಿದೆ ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ನಾವು ಹೊಸ ಮನೆಗೆಂದು ಕರೆಸಿ, ಅವರು ಮೊದಲ ಸಲ ನಮ್ಮ ಹಳೆಯ ಮನೆಗೆ ಬಂದಾಗ ಟೇಪು ಹಿಡಿಯಲೇ ಇಲ್ಲ. ಒಂದು ತಟ್ಟೆ ಕೋಡುಬಳೆ ಮುಂದಿಟ್ಟುಕೊಂಡು ಕೂತರು.

"ನಿಮ್ಮನೇಲಿ ಜಗಳ ಎಲ್ಲಿ ಆಡ್ತೀರಿ?"

ನಮ್ಮನೆಯವರು ತಬ್ಬಿಬ್ಬಾಗಿ, "ಇಲ್ಲ ಮೇಡಂ, ನಮ್ಮಲ್ಲಿ ಜಗಳ ಅಂತ ಏನಿಲ್ಲ" ಎಂದರು.

"ಅಡುಗೆಮನೇಲಿ ಶುರುವಾಗ್ತದೆ, ಬಚ್ಚಲಲ್ಲಿ ಮುಗೀತದೆ" ಎಂದೆ ನಾನು.

"ಹಾಂ! ಇವ್ರ ಹತ್ರ ಪ್ಲಾನು ಮಾತಾಡ್ಬಹುದು." ಅಲ್ಲಿಂದ ಮುಂದೆ ನಮ್ಮನೆಯವರಿಗೆ ಬೆನ್ನು ಹಾಕಿ ನನ್ನ ಕಡೆಗೇ ತಿರುಗಿ ಕೂತರು. ಅಕ್ಕಿ ಆರಿಸುವುದು ಎಲ್ಲಿ? ಮನಸ್ಸಿಗೆ ಬೇಜಾರಾದರೆ ಯಾವ ಮೂಲೆಗೆ ಹೋಗ್ತೀರಿ? ಮಗಳು ಫೋನಲ್ಲಿ ಮಾತಾಡಲು ಎಲ್ಲಿ ಓಡುತ್ತಾಳೆ? ಒಣಮೀನು ಹುರಿದ ವಾಸನೆ ಯಾವ ಕಡೆ ಹೋಗಬೇಕು, ಮೀನು ತೊಳೆದ ನೀರು ಎತ್ತ ಹರಿಯಬೇಕು? ಮೀನು ಮುಟ್ಟದ ಮನೆಯ ಹೆಂಗಸು ಮೂಗು ಮುರಿಯದೆ ಇದನ್ನೆಲ್ಲ ಕೇಳಿದ್ದು ನೋಡಿ ನನಗೆ ಅವರ ಮೇಲೆ ಆವತ್ತೇ ಪ್ರೀತಿ ಹುಟ್ಟಿತು.

ಹಾಗಂತ ಹಳೆಯದೆಂದರೆ ಕಣ್ಣಿಗೊತ್ತಿಕೊಳ್ಳುವ ಪೈಕಿ ಅಲ್ಲ. ಒಲೆಯ ಹೊಗೆಯಲ್ಲೇ ರುಚಿ ಇರುವುದು ಎಂದು ನಮ್ಮನೆಯವರು ಭಾಷಣ ಶುರು ಮಾಡಿದರೆ, "ಹೊಗೆ ಕುಡಿದೋರು ಯಾರು, ನೀವಾ?" ಎಂದು ಬಾಯಿ ಮುಚ್ಚಿಸಿದರು. ಪ್ಲಾನಿಗೆ ಚಿಮಣಿ ಬಂತು. ಅತ್ತೆಯ ಮಂಡಿನೋವಿಗೆ ಕಮೋಡು, ಹಿಡಿದು ಏಳಲು ಗೋಡೆಗೊಂದು ಸರಳು. ಮಗಳ ಕೋಣೆಗೆ ಒಳಗಿನಿಂದ ಹಾಕುವ ಚಿಲಕ. ಅದಕ್ಕೂ ಮನೆಯಲ್ಲಿ ರಾಮಾಯಣವಾಯಿತು, ಗೆದ್ದದ್ದು ಮೇಡಂ. ಇನ್ನು ಓಪನ್ ಕಿಚನ್ನು! ನಮ್ಮನೆಯವರು ಫೋನಿನಲ್ಲಿ ಫೋಟೋ ತೋರಿಸಿದ್ದೇ ತಡ, ಮೇಡಂ ಕೋಡುಬಳೆ ಕೆಳಗಿಟ್ಟು ಹತ್ತಿರ ಬಗ್ಗಿ ನೋಡಿ, "ಇದ್ರಲ್ಲಿ ಯಾರೂ ಅಡುಗೆ ಮಾಡಿದಂಗೆ ಕಾಣ್ತಿಲ್ಲ" ಎಂದರು.

ಇಷ್ಟೆಲ್ಲ ಸಡಗರದ ನಡುವೆ ಒಂದು ಮುಳ್ಳು ಚುಚ್ಚಿಕೊಂಡಿತ್ತು. ಅತ್ತೆ ಹೊಸ ಮನೆಗೆ ಬರುವುದಿಲ್ಲ ಎಂದುಬಿಟ್ಟಿದ್ದರು.

ಮೊದಲು ಹಾಗಿರಲಿಲ್ಲ. ಜಾಗಕ್ಕೆ ಪೂಜೆ ಮಾಡಿದ ದಿನ ಅವರೇ ಎಲ್ಲರಿಗಿಂತ ಮುಂದೆ ಓಡಾಡಿದ್ದರು. ಎಲ್ಲ ಕೆಟ್ಟದ್ದು ನಮ್ಮನೆಯವರು ಕಂಬ ತಂದ ದಿನ. ಅವರದ್ದೊಂದು ಪಿಕಪ್ ಗಾಡಿ ಇದೆ, ಬಾಡಿಗೆಗೆ ಊರೂರು ತಿರುಗುತ್ತಾರೆ. ಕವಲೇದುರ್ಗದ ಬುಡದ ಹಳ್ಳಿಯೊಂದರಲ್ಲಿ ಹಳೆಯ ದೊಡ್ಡ ಮನೆಯನ್ನು ಕೆಡವುತ್ತಿದ್ದರಂತೆ. ಅಲ್ಲಿಂದ ಹಲಸಿನ ಮರದ ಜೋಡಿ ಕಂಬ, ಬುಡದಿಂದ ತುದಿವರೆಗೆ ಹೂಬಳ್ಳಿ ಕೆತ್ತಿದ್ದು, ಗಾಡಿಗೆ ಹಾಕಿಕೊಂಡು ಹಾರನ್ ಬಾರಿಸುತ್ತ ಬಂದರು. ಆ ಹಳ್ಳಿ ಅತ್ತೆಯ ತವರೂರು. "ಅಮ್ಮಾ, ನಿನ್ನ ತವರಿನ ಕಂಬ! ಹೊಸ ಮನೆ ಜಗಲಿಗೆ ನಿಲ್ಸಾದು. ನಮ್ಮ ಹಳೇ ಸಂಪ್ರದಾಯ ಅಂದ್ರೆ ಹಿಂಗಿರ್ಬೇಕು" ಎಂದು ಕುಣಿದಾಡಿದರು. ನಾನೂ ಕುಣಿದೆ, ಸುಳ್ಳು ಹೇಳುವುದಿಲ್ಲ. ಅಷ್ಟು ಚೆಂದದ ಕೆತ್ತನೆ ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅತ್ತೆ ಗಾಡಿಯವರೆಗೆ ಬಂದರು, ಟಾರ್ಪಾಲು ಸರಿಸಿ ನೋಡಿದರು, ಮತ್ತೆ ಮುಚ್ಚಿ ಒಳಗೆ ಹೋದರು. ರಾತ್ರಿ ಊಟಕ್ಕೆ ಕೂತಾಗ, "ನಿಮ್ಮನೆ ನೀವು ಕಟ್ಕಳಿ. ನಾ ಇಲ್ಲೇ ಇರ್ತೀನಿ" ಎಂದರು.

ಕಾರಣ ಕೇಳಿದರೆ ಬಾಯಿ ಬಿಡರು. ವಾಸ್ತು ಸರಿ ಇಲ್ಲವೇನೋ ಎಂದು ನಮ್ಮನೆಯವರು ಇಬ್ಬರನ್ನು ಕೇಳಿ ಬಂದರು. ನನಗೋ ಸಂಕಟ. ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಗಂಜಿ ಬಸಿಯಲೂ ಬರುತ್ತಿರಲಿಲ್ಲ. ಹೊಲಿಗೆ ಕಲಿಯಲು ಕಳಿಸಿದ್ದು, ನಾಲ್ಕು ಜನರ ಮಾತು ಕೇಳಿಕೊಂಡು ಅಂಗಡಿ ಹಾಕಿಸಿದ್ದು ಅತ್ತೆಯೇ. "ಅತ್ತೆ ಬರ್ದಿದ್ರೆ ಆ ಮನೇಲಿ ನಾನು ಹಾಲು ಉಕ್ಕಿಸೋದಿಲ್ಲ, ಬೇಕಾದ್ರೆ ನೀವೊಬ್ರೇ ಉಕ್ಕಿಸ್ಕಳಿ" ಎಂದು ಗಂಡನಿಗೆ ಕಡ್ಡಿ ಮುರಿದ ಹಾಗೆ ಹೇಳಿದೆ. ಮನೆ ಕಟ್ಟುವ ಮೊದಲೇ ಮನೆ ಎರಡಾಗುವ ಹೊತ್ತು ಬಂತು.

ಮೇಡಂಗೆ ಫೋನ್ ಮಾಡಿ ಅತ್ತುಬಿಟ್ಟೆ. "ಅಳೋದು ಆಮೇಲೆ. ಬೂದಿ ಎಷ್ಟಿದೆ?" ಎಂದರು.

ಬೂದಿ ಕೊಟ್ಟದ್ದು ಅತ್ತೆಯೇ. "ಬರೋದಿಲ್ಲ ಅಂದ್ರೆ ಬರಬೇಡಿ ಅಮ್ಮಾ, ಒಂದಿನ ಅಡುಗೆಗೆ ಕೈ ಕೊಡಿ ಸಾಕು" ಎಂದು ಮೇಡಂ ಕರೆದದ್ದಕ್ಕೆ ಇಲ್ಲ ಎನ್ನಲಾಗಲಿಲ್ಲ. ಬೆಳಗಾಗುತ್ತಲೇ ಗೆರೆ ಬಿತ್ತು. ಜಗಲಿಯೆಂದರೆ ಮುಂಬಾಗಿಲ ಹೊರಗಿನ ಎತ್ತರದ ಕಟ್ಟೆ. ನೆಲದ ಮೇಲೆ ಎತ್ತರ ಎಳೆಯಲಾಗದಲ್ಲ, ಅದಕ್ಕೆ ಇಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿದರು. ಮೆಟ್ಟಿಲಿನ ಎರಡೂ ಬದಿಗೆ, ಕಂಬ ಬರುವ ಜಾಗದಲ್ಲಿ, ಆ ಎರಡು ಕಂಬಗಳನ್ನೇ ಗೂಟಕ್ಕೆ ಕಟ್ಟಿ ನಿಲ್ಲಿಸಿದರು.

ಆಹಾ, ಆ ದಿನದ ಮಜಾ! ನಮ್ಮನೆಯವರು ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು. ಹಳೆಯ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಂಡ ರೂಢಿ. ಮಗಳು ತನ್ನ ಗೆರೆಯೊಳಗೆ ಕೂತು, ಕರೆದರೂ ಕೇಳಿಸದವಳ ಹಾಗೆ ನಟಿಸಿದಳು. "ಚಿಲಕ ಹಾಕಿದೀನಿ!" ಪಕ್ಕದ ಮನೆಯವರು ನೋಡಲು ಬಂದವರು ಚಪ್ಪಲಿಯನ್ನು ಬೂದಿಗೆರೆಯ ಹೊರಗೇ ಸಾಲಾಗಿ ಬಿಟ್ಟರು, ಯಾರೂ ಹೇಳಿರಲಿಲ್ಲ. ನಾನು ಅಡುಗೆಮನೆಯ ಗೆರೆಯನ್ನು ಕಾಲಲ್ಲಿ ಒರೆಸಿ ಹಿತ್ತಿಲ ಕಡೆ ಒಂದಿಷ್ಟು ದೂಡಿದೆ. ಮೇಡಂ ಚಪ್ಪಾಳೆ ಹೊಡೆದರು.

ಅತ್ತೆ ಮಾತ್ರ ಬೆಳಗಿನಿಂದ ಹಿತ್ತಿಲ ಕಡೆಯಿಂದಲೇ ಓಡಾಡುತ್ತಿದ್ದರು. ಮೇಡಂ ಕಣ್ಣು ಅವರ ಮೇಲೇ ಇತ್ತು. ಊಟದ ಹೊತ್ತಿಗೆ, "ಅಮ್ಮಾ, ಅಂಗಳದಲ್ಲಿ ನೀರಿನ ಕೊಡ ಉಂಟು, ಮುಂದಿನಿಂದ ತರ್ತೀರಾ?" ಎಂದರು. ಅತ್ತೆ ಹಿತ್ತಿಲಿನಿಂದ ಸುತ್ತಿ ಹೋಗಿ ಕೊಡ ಎತ್ತಿಕೊಂಡರು, ಅಂಗಳ ದಾಟಿ ಇಟ್ಟಿಗೆಯ ಮೆಟ್ಟಿಲವರೆಗೆ ಬಂದರು. ಅಲ್ಲಿ ನಿಂತರು. ಕಂಬದ ಮುಂದೆ, ಸ್ವಲ್ಪ ಬದಿಗೆ, ಸೆರಗನ್ನು ಭುಜದ ಸುತ್ತ ಎಳೆದುಕೊಂಡು, ತಲೆ ತಗ್ಗಿಸಿ. ಕೊಡ ಸೊಂಟದಲ್ಲೇ ಇತ್ತು. ಯಾರೋ ಬಂದು ಇಸಿದುಕೊಳ್ಳಲಿ ಎಂದು ಕಾಯುವವರ ಹಾಗೆ ನಿಂತೇ ಇದ್ದರು.

ಮೇಡಂ ಜಗಲಿಯಿಂದ ಇಳಿದು ಅವರ ಪಕ್ಕ ಹೋಗಿ ನಿಂತರು.

"ಅಮ್ಮಾ, ಎಂತಕ್ಕೆ ಇಲ್ಲಿ ನಿಂತ್ರಿ?"

"ಇಲ್ಲೇ ನಿಂತ್ಕಳ್ತಿದ್ದಿದ್ದು" ಎಂದರು ಅತ್ತೆ. "ಅಪ್ಪಯ್ಯನ ಜೊತೆ ಗೇಣಿ ಭತ್ತ ಅಳೆಯಕ್ಕೆ ಬರ್ತಿದ್ನಲ, ಸಣ್ಣೋಳು. ಒಡೇರು ಜಗಲಿ ಮೇಲೆ ಈ ಕಂಬಕ್ಕೆ ಒರಗಿ ಕೂತಿರೋರು. ನಾವು ಇಲ್ಲಿ. ಬಿಸ್ಲಿರ್ಲಿ, ಮಳೆ ಇರ್ಲಿ, ಹತ್ತಂಗಿಲ್ಲ. ಒಂದ್ಸಲ ಗೊತ್ತಾಗ್ದೆ ಆ ಹೂವು ಮುಟ್ಟಿ ನೋಡಿದ್ದಕ್ಕೆ ಅಪ್ಪಯ್ಯನ ಕೈಲೇ ಹೊಡೆಸಿದ್ರು ನಂಗೆ."

ನಮ್ಮನೆಯವರ ಮುಖ ನೋಡಲಾಗಲಿಲ್ಲ. ಪಾಪ, ಅಮ್ಮನಿಗೆಂದು ಆಸೆಪಟ್ಟು ತಂದ ಕಂಬ. ತವರೂರಿನದೇನೋ ನಿಜ, ತವರುಮನೆಯದಲ್ಲ. ಅತ್ತೆಯ ತವರುಮನೆಗೆ ಕಂಬವೇ ಇರಲಿಲ್ಲ, ಮಣ್ಣಿನ ಗೋಡೆ ಮತ್ತು ಹುಲ್ಲಿನ ಮಾಡು. ನಾವೆಲ್ಲ ಸಂಪ್ರದಾಯ ಸಂಪ್ರದಾಯ ಎಂದು ಯಾರದೋ ಜಗಲಿಯನ್ನು ಹೊತ್ತು ತಂದಿದ್ದೆವು! ನಮ್ಮ ಹಿರಿಯರು ಹತ್ತದ ಜಗಲಿ ಅದು.

ಮೇಡಂ ಕಂಬದ ಕಡೆ ತಿರುಗಿದರು. "ನಮ್ಮ ಅಜ್ಜನ ಮನೆಯಲ್ಲೂ ಇಂಥ ಕಂಬಗಳೇ ಅಮ್ಮಾ. ಅವು ನಿಂತ ಜಗಲಿಗೆ ನಮ್ಮಜ್ಜಿನೂ ಬಂದಿದ್ದು ನಾ ನೋಡಿಲ್ಲ. ಬಾಗಿಲ ಸಂದಿಯಿಂದ ಇಣುಕೋದು ಅಷ್ಟೇ. ನಿಮಗೆ ಕೆಳಗಿನಿಂದ ಹತ್ತೋ ಹಂಗಿಲ್ಲ, ಅವಳಿಗೆ ಒಳಗಿನಿಂದ ಬರೋ ಹಂಗಿಲ್ಲ." ಅತ್ತೆ ಮೊದಲ ಬಾರಿಗೆ ತಲೆಯೆತ್ತಿ ಅವರ ಮುಖ ನೋಡಿದರು.

"ಈಗ ಹೇಳಿ, ಎಂತ ಮಾಡಣ? ವಾಪಸ್ ಕಳ್ಸಣಾ? ಒಲೆಗೆ ಹಾಕಣಾ?"

ಅತ್ತೆ ಕೊಡ ಕೆಳಗಿಟ್ಟರು. ಕಂಬದ ಹತ್ತಿರ ಹೋಗಿ ಕೆತ್ತನೆಯ ಹೂವಿನ ಮೇಲೆ ಬೆರಳಾಡಿಸಿದರು, ನಿಧಾನವಾಗಿ, ಎಸಳು ಎಸಳಿನ ಮೇಲೆ. "ಕೆತ್ತಿದೋನು ಮಾಡಿದ ತಪ್ಪೇನು, ಚೆಂದ ಕೆತ್ತಿದಾನೆ" ಎಂದರು. ಮತ್ತೆ ಕಂಬದ ಉದ್ದಕ್ಕೆ ಕಣ್ಣು ಹಾಯಿಸಿ, "ನಿಲ್ಸದು ಬ್ಯಾಡ. ಮಲಗ್ಸಿ. ಕೂರಕ್ಕಾಗ್ತದೆ" ಎಂದರು.

"ಇಲ್ಲೆ, ಇಲ್ಲೆ, ಇದು ನಂಗೆ ಹೊಳೆದಿತ್ತಿಲ್ಲೆ!" ಮೇಡಂ ಕುಣಿದೇಬಿಟ್ಟರು. ಚೀಲದಲ್ಲಿ ಪೆನ್ಸಿಲ್ ಹುಡುಕತೊಡಗಿದರು. ಈ ಸಲ ಅದನ್ನು ತುರುಬಿನಿಂದ ಎಳೆದು ಕೊಟ್ಟದ್ದು ಅತ್ತೆ. ಇಬ್ಬರೂ ಇಟ್ಟಿಗೆಯ ಮೇಲೇ ಕೂತರು. ಜಗಲಿಯ ಉದ್ದಕ್ಕೆ ಎರಡೂ ಕಂಬ ತುದಿಗೆ ತುದಿ ಮಲಗಿಸಿ, ಮೇಲ್ಭಾಗ ಮಾತ್ರ ತೋಪಡ ಹೊಡೆದು ಸಪಾಟು ಮಾಡಿ, ಮುಂದಿನ ಕೆತ್ತನೆ ಕಾಣುವ ಹಾಗೆ ಬಿಡುವುದು. ಎತ್ತರ ಎಷ್ಟು? ಅತ್ತೆಯ ಮಂಡಿಗೆ ನೋವಾಗದಷ್ಟು. ಅಲ್ಲೇ ಅವರನ್ನು ಇಟ್ಟಿಗೆಯ ಮೇಲೆ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ, ಮೇಡಂ ತಮ್ಮ ಕೊಡೆಯ ಕೋಲಿನಲ್ಲಿ ಅಳತೆ ಗುರುತು ಮಾಡಿದರು.

"ಇದು ಒಡೇರದ್ದಾಯ್ತು. ನಿಮ್ಮ ಅಮ್ಮನ ಮನೇದು ಎಂತ ಬೇಕು? ಅದು ಹೇಳಿ."

ಅತ್ತೆ ತಡಮಾಡಲಿಲ್ಲ. "ಒಂದು ಗೋಡೆ ಕೊಡಿ. ಮಣ್ಣಿಂದು."

ನಮ್ಮಲ್ಲಿ ಮದುವೆಗೆ ಹಸೆ ಬರೆಯುತ್ತಾರೆ. ಹೆಣ್ಣುಗಂಡನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕಡ್ಡಿಯಿಂದ ಅಕ್ಕಿಹಿಟ್ಟಿನ ಬಿಳಿ ಎಳೆಗಳನ್ನು ಎಳೆಯುವ ಚಿತ್ತಾರ. ಅತ್ತೆಯ ಅಮ್ಮ ಅದರಲ್ಲಿ ಎತ್ತಿದ ಕೈ, ಅತ್ತೆಯೂ ಅಷ್ಟೇ. ಸಿಮೆಂಟು ಗೋಡೆಯ ಪೇಂಟಿನ ಮೇಲೆ ಮಣ್ಣು ನಿಲ್ಲುವುದಿಲ್ಲ, ಒಣಗಿ ಸಿಪ್ಪೆ ಏಳುತ್ತದೆ. ಅದಕ್ಕೇ ಈಚೆಗೆ ಎಲ್ಲರೂ ಪ್ರಿಂಟು ಹಾಕಿದ ಬ್ಯಾನರ್ ತಂದು ಕಟ್ಟುತ್ತಾರೆ. ಮೇಡಂ ಎದ್ದು ನಡುಮನೆಯ ಗೆರೆಯ ಹತ್ತಿರ ಹೋದರು. ಬಾಗಿಲಿಗೆ ಎದುರಾಗಿ ಇದ್ದ ಅತಿ ಉದ್ದದ ಗೋಡೆ ಅದು, ದೊಡ್ಡ ಟಿವಿಗೆಂದು ನಮ್ಮನೆಯವರು ಆರಿಸಿಟ್ಟದ್ದು. "ಇದಕ್ಕೆ ಮಣ್ಣಿನ ಗಿಲಾವು. ಕಿಟಕಿ ಇಲ್ಲ, ಸ್ವಿಚ್ ಬೋರ್ಡ್ ಇಲ್ಲ, ಒಂದು ಮೊಳೆ ಸಹ ಹೊಡೆಯಂಗಿಲ್ಲ" ಎಂದು ಘೋಷಿಸಿದರು. "ಟಿವಿ?" ಎಂದು ನಮ್ಮನೆಯವರು ಮೆಲ್ಲಗೆ ಕೇಳಿದರು. "ನಿಮ್ಮ ಕೋಣೇಲಿ ಮಲ್ಕೊಂಡು ನೋಡಿ" ಎಂಬ ಉತ್ತರ ಬಂತು. ಅಮ್ಮನ ಮುಖ ನೋಡಿ ಅವರೂ ನಕ್ಕುಬಿಟ್ಟರು.

ಮನೆ ಎದ್ದಿತು. ಹೆಂಚಿನ ಮಾಡು, ನಡುವೆ ಅಲ್ಲಲ್ಲಿ ಗಾಜಿನ ಹೆಂಚು, ಹಗಲೆಲ್ಲ ಲೈಟು ಬೇಡ. ಗಿಲಾವು ಒಣಗಿದ ಮೇಲೆ ಅತ್ತೆ ದಿನವೂ ಹಿತ್ತಿಲ ಬಾಗಿಲಿಂದ ಬಂದು ಹಸೆ ಬರೆದು, ಸಂಜೆ ಹಳೆಯ ಮನೆಗೆ ಹೋಗಿಬಿಡುತ್ತಿದ್ದರು. ಮನೆಗೂ ಒಂದು ಮದುವೆ ಇದ್ದ ಹಾಗೆಯೇ ಅಲ್ಲವೇ ಎಂದರು, ಗೃಹಪ್ರವೇಶಕ್ಕೆ ಹಸೆ ಉಂಟಾ ಎಂದು ಕೇಳಿದವರಿಗೆ. ಆದರೆ ಬರ್ತೀರಾ, ನಮ್ಮ ಜೊತೆ ಇರ್ತೀರಾ ಎಂದರೆ ಮಾತ್ರ "ನೋಡಣ. ಮೊದ್ಲು ನಿಮ್ಮನೆ ಆಗ್ಲಿ" ಎನ್ನುತ್ತಿದ್ದರು.

ಗೃಹಪ್ರವೇಶದ ದಿನ ಬೆಳಿಗ್ಗೆ ನಾನು ಹಾಲಿನ ಪಾತ್ರೆ ಹಿಡಿದು ಒಲೆಯ ಮುಂದೆ ನಿಂತೇ ಇದ್ದೆ, ಹಚ್ಚಲಿಲ್ಲ. ಭಟ್ಟರು ಹೊತ್ತು ಮೀರುತ್ತದೆ ಎಂದು ಗದರಿದರು. ಅಷ್ಟರಲ್ಲಿ ಹೊರಗೆ ಮಗಳು ಕೂಗಿದಳು. ಓಡಿ ಹೋಗಿ ನೋಡಿದರೆ ಅತ್ತೆ! ಹೊಸ ಸೀರೆ ಉಟ್ಟು ಅಂಗಳದಲ್ಲಿ ಬರುತ್ತಿದ್ದಾರೆ. ಹಿತ್ತಿಲ ಕಡೆ ತಿರುಗಲಿಲ್ಲ. ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು, ಮಂಡಿಗೆ ಕೈ ಊರಿ ಹತ್ತಿದರು. ಹತ್ತಿದವರೇ ಕಂಬದ ಮೇಲೆ ಕೂತು ಉಸಿರು ಬಿಟ್ಟರು. "ಎಂತ ನೋಡ್ತೀಯೇ, ಹೋಗು, ಹಾಲು ಉಕ್ಸು" ಎಂದು ನನಗೇ ಗದರಿದರು. ಉಕ್ಕಿಸಿದೆ. ಒಲೆಯ ಮುಂದೆ ಅಳುತ್ತ, ನಗುತ್ತ.

ಮೇಡಂ ಬಂದದ್ದು ಊಟದ ಹೊತ್ತಿಗೆ, ತೀರ್ಥಹಳ್ಳಿಯ ಬಸ್ಸು ತಡವಾಗಿ. ಎಲೆ ಹಾಕುವ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ನಾನು ಪಲ್ಯದ ಬಕೆಟ್ ಹಿಡಿದು ಬಾಗಿಲಿಗೆ ಬಂದರೆ, ಅವರು ಅಂಗಳದಲ್ಲಿ ನಿಂತಿದ್ದಾರೆ. ಅತ್ತೆ ಅವತ್ತು ನಿಂತ ಜಾಗದಲ್ಲೇ, ಮೆಟ್ಟಿಲ ಕೆಳಗೆ, ಸ್ವಲ್ಪ ಬದಿಗೆ, ಸಿಕ್ಕಿಸಿದ ನೆರಿಗೆ ಬಿಟ್ಟು ಸೆರಗು ಹೊದ್ದುಕೊಂಡು. "ಅಯ್ಯೋ ಮೇಡಂ, ಬನ್ನಿ!" ಎಂದು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿ ನನ್ನನ್ನು ತಡೆದರು. ಕಣ್ಣು ಜಗಲಿಯಲ್ಲಿ ಕಂಬದ ಮೇಲೆ ಕೂತಿದ್ದ ಅತ್ತೆಯ ಮೇಲಿತ್ತು. ಕರೆಯಬೇಕಾದವರು ಕರೆಯಲಿ ಎಂದು ಅವರು ಬಿಸಿಲಲ್ಲಿ ಕಾಯುತ್ತಿದ್ದರು.

ಅತ್ತೆ ಆ ಕಡೆ ತಿರುಗಿದರು. ನೋಡಿದರು. ಅವರಿಗೆ ತಿಳಿಯಿತು. ಸೆರಗಿನ ತುದಿಯಿಂದ ಪಕ್ಕದ ಕಂಬವನ್ನು ಒರೆಸಿ, ಜಾಗ ಬಿಟ್ಟು ಸರಿದು ಕೂತರು.

"ಎಂತಕ್ಕೆ ಅಲ್ಲೇ ನಿಂತ್ರಿ? ಹತ್ತಿ ಬನ್ನಿ ಮೇಲೆ, ಕೂತ್ಕಳಿ. ನಮ್ಮನೆ ಇದು."